ತೊಡೆಯ ಮೇಲೆ ಟೈಪ್ ಹೊಡೆಯುತ್ತಿದ್ದ ಜುಲ್ಯಾನ ಬಾಯಿ

ಜುಲ್ಯಾನ ಬಾಯಿಯ ಎದುರು ಕೂತು ಮಾತಾಡುವವರು ಅವರ ಮುಖ ನೋಡುತ್ತಿರಲಿಲ್ಲ, ತೊಡೆ ನೋಡುತ್ತಿದ್ದರು. ಹಲ್ಲು ಕಿಸಿಯಬೇಡಿ ಮೊಮ್ಮಕ್ಕಳೇ, ಇದ್ದದ್ದನ್ನೇ ಬರೆಯುತ್ತಿದ್ದೇನೆ. ಯಾರು ಏನು ಹೇಳಿದರೂ ಅವರ ಹತ್ತು ಬೆರಳುಗಳು ಸೀರೆಯ ನೆರಿಗೆಯ ಮೇಲೆ ಆ ಮಾತನ್ನು ಟೈಪ್ ಹೊಡೆಯುತ್ತಿದ್ದವು. ತುಳು, ಕೊಂಕಣಿ, ಇಂಗ್ಲಿಷ್ ಎಂಬ ಭೇದ ಆ ಬೆರಳುಗಳಿಗೆ ಇರಲಿಲ್ಲ. ಒಂದು ಸಾಲು ಮುಗಿಯಿತು ಎಂದು ಅವರಿಗೆ ಅನ್ನಿಸಿದರೆ ಎಡಗೈ ಗಾಳಿಯಲ್ಲಿ ಏನನ್ನೋ ಬಲಕ್ಕೆ ದೂಡುತ್ತಿತ್ತು, ತುಟಿಯ ಸಂದಿಯಿಂದ ಸಣ್ಣಗೆ ‘ಟಿಣ್’ ಎಂದು ಬರುತ್ತಿತ್ತು.

ಹೇಳುವವರ ಮಾತು ಸಪ್ಪೆಯಾದರೆ ಬೆರಳು ನಿಂತುಬಿಡುತ್ತಿತ್ತು. ಅದೇ ದೊಡ್ಡ ಅವಮಾನ. ನಿಮ್ಮ ಅಪ್ಪ ಪ್ರಸಾದ ಒಂದು ಸಲ ಅವರೆದುರು ಕೂತು ಊರು ಹೇಗೆ ಅಭಿವೃದ್ಧಿಯಾಗಬೇಕು ಎಂದು ಅರ್ಧ ಗಂಟೆ ಹೇಳಿದ. ಒಂದು ಬೆರಳೂ ಅಲ್ಲಾಡಲಿಲ್ಲ. ಕೊನೆಗೆ ಅವನೇ ತೊಡೆ ನೋಡಿ ನೋಡಿ ಸುಸ್ತಾಗಿ ಎದ್ದುಹೋದ. ಅವರ ಇಗರ್ಜಿಯ ಪಾದ್ರಿಗಳ ಪ್ರವಚನಕ್ಕೂ ಬೆರಳು ಏಳುತ್ತಿರಲಿಲ್ಲವಂತೆ. ‘ದೇವರ ಮಾತು ಅಂತ ನಾನು ಸುಮ್ಮನೆ ಇಂಕ್ ರಿಬ್ಬನ್ ಖರ್ಚು ಮಾಡ್ಲಿಕ್ಕಾಗ್ತದಾ?’ ಎಂದು ಕೇಳಿದ್ದರು ನನ್ನ ಹತ್ತಿರ, ರಿಬ್ಬನ್ ಎಲ್ಲಿಯೂ ಇಲ್ಲದಿದ್ದರೂ.

ಬಾಯಿ ಎಂದು ನಮ್ಮ ಕಡೆ ಕ್ರಿಸ್ತಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು. ಕ್ಲಾಸಿನ ಹುಡುಗರು ಟೀಚರ್ ಎನ್ನುತ್ತಿದ್ದರು. ಮೂಡುಬಿದಿರೆ ಹತ್ತಿರದ ತೋಡಾರಿನವರು, ಮದುವೆಯಾದವರಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, ‘ಗಂಡಸರೆಲ್ಲ ಎರಡು ಬೆರಳಲ್ಲಿ ಟೈಪ್ ಮಾಡುವವರೇ ಬಂದದ್ದು’ ಎನ್ನುತ್ತಿದ್ದರು. ಗಂಡಸರು ಕಟ್ಟುವಂಥ ದೊಡ್ಡ ವಾಚು, ಕ್ಯಾನ್ವಾಸ್ ಶೂ, ನೀಲಗಿರಿ ಎಣ್ಣೆಯ ವಾಸನೆ, ಇಷ್ಟು ಮೆಟ್ಟಿಲು ಹತ್ತಿತೆಂದರೆ ಅವರು ಬಂದರು ಎಂದು ಲೆಕ್ಕ.

ಮೊದಲು ಮೂಡುಬಿದಿರೆ ಪೇಟೆಯಲ್ಲಿ ಜೈನರೊಬ್ಬರ ಕಟ್ಟಡದ ಮಾಳಿಗೆಯಲ್ಲಿ ಅವರದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಂಪ್ಯೂಟರ್ ಬಂದು ಟೈಪ್‌ರೈಟರುಗಳಿಗೆ ಧೂಳು ಹಿಡಿಯಿತು. ಕಟ್ಟಡದ ಯಜಮಾನರು ಒಳ್ಳೆಯವರು, ಹೋಗಿ ಎನ್ನಲಾರದೆ ದಿನಾ ಬಂದು ಕೂತು ಕೆಮ್ಮುತ್ತಿದ್ದರಂತೆ. ‘ಅವರ ಗಂಟಲಾದರೂ ಉಳೀಲಿ ಅಂತ ನಾನೇ ಬಿಟ್ಟೆ ಲೀಲಕ್ಕ’ ಎಂದರು ಟೀಚರ್ ನನ್ನ ಹತ್ತಿರ. ಮಷಿನುಗಳನ್ನು ಗುಜರಿಗೆ ಹಾಕಿ, ಒಂದನ್ನು ಮಾತ್ರ ಇಟ್ಟುಕೊಂಡು, ವಿದೇಶಕ್ಕೆ ಹೋಗುವ ನರ್ಸುಗಳಿಗೆ ಇಂಗ್ಲಿಷ್ ಮಾತು ಕಲಿಸುತ್ತೇನೆ ಎಂದು ಬಿ.ಸಿ.ರೋಡಿಗೆ ಬಂದರು. ಎಲ್ಲ ಕಡೆಯ ಬಸ್ಸುಗಳೂ ಬಂದು ನಿಲ್ಲುವ ಜಾಗ ಇದು. ನಿಮ್ಮ ಅಜ್ಜ ಹೋದ ಮೇಲೆ ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಇತ್ತು. ಅಲ್ಲಿ ಕ್ಲಾಸು ಶುರುವಾಯಿತು. ಆ ಒಂದು ಟೈಪ್‌ರೈಟರ್ ಮೇಜಿನ ಮೂಲೆಯಲ್ಲಿ ಕೂತಿತು, ಟೀಚರ್ ಅದರ ಮೇಲೆ ಚಾದ ಗ್ಲಾಸು ಇಡುತ್ತಿದ್ದರು.

ವಿದೇಶಕ್ಕೆ ಹೋಗಬೇಕಾದರೆ ನರ್ಸುಗಳು ಒಂದು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಅದರಲ್ಲಿ ಓದುವುದು ಬರೆಯುವುದು ಎಲ್ಲ ಇರುತ್ತದಂತೆ. ಅದರಲ್ಲೆಲ್ಲ ನಮ್ಮ ಹುಡುಗ ಹುಡುಗಿಯರು ಪಾಸು. ಬೀಳುವುದು ಮಾತಿನಲ್ಲಿ. ಒಬ್ಬ ಎಕ್ಸಾಮಿನರ್ ಎದುರು ಕೂತು ತನ್ನ ಬಗ್ಗೆ ತಾನೇ ಹೇಳಬೇಕು. ನಿಮಗೆ ಮಳೆ ಇಷ್ಟವೋ, ಎಂಥ ಚಪ್ಪಲಿ ಇಷ್ಟ, ಕೈಯಲ್ಲಿ ಬರೆಯುತ್ತೀರೋ ಟೈಪ್ ಮಾಡುತ್ತೀರೋ, ಕಂಪ್ಯೂಟರಿನಲ್ಲಿ ಬೇಗ ಆಗುತ್ತದೋ ಫೋನಿನಲ್ಲೋ, ನಿಮ್ಮ ಕೈಬರಹ ಬೇರೆಯವರಿಗೆ ಓದಲಿಕ್ಕೆ ಆಗುತ್ತದೋ. ಹೆಣ್ಣು ನೋಡಲು ಬಂದವರೂ ಇಷ್ಟೆಲ್ಲ ವಿಚಾರಿಸುವುದಿಲ್ಲ. ಟೈಪಿಂಗ್ ಟೀಚರಾಗಿದ್ದವರಲ್ಲವೇ, ಎಲ್ಲರನ್ನೂ ಅವರು ಈ ಬರೆಯುವ ಪ್ರಶ್ನೆಯಿಂದಲೇ ಹಿಡಿಯುತ್ತಿದ್ದರು.

ನೆರಿಯದ ಲೋಕೇಶ ಎಂಬ ಹುಡುಗ ಮೊದಲ ದಿನವೇ ಸಿಕ್ಕಿಬಿದ್ದ. ನನ್ನ ತವರೂರಿನವನು ಎಂದು ನಾನು ಅವನಿಗೆ ಚಾದ ಜೊತೆ ಎರಡು ಬಿಸ್ಕತ್ತು ಹೆಚ್ಚು ಕೊಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅವನು ಎದೆಯುಬ್ಬಿಸಿ ಏನೋ ಉದ್ದಕ್ಕೆ ಹೇಳಿದ. ಟೀಚರ ಬೆರಳು ಸತ್ತ ಹಾಗೆ ಬಿದ್ದಿತ್ತು.

‘ದಿನಾ ರಾತ್ರಿ ಫೌಂಟನ್ ಪೆನ್ನಲ್ಲಿ ಡೈರಿ ಬರೀತೀಯಾ ನೀನು?’ ಕನ್ನಡದಲ್ಲಿ ಕೇಳಿದರು.

‘ಹೌದು ಟೀಚರ್.’

‘ಕೈಬರಹ ಅಂದ್ರೆ ಆತ್ಮದ ಕನ್ನಡಿ ಅಂದೆಯಲ್ಲ, ಕೈ ತೋರಿಸು ನೋಡುವ.’

ಅವನು ಕೈ ಚಾಚಿದ.

‘ಶಾಯಿ ಎಲ್ಲುಂಟು ಮಾರಾಯ? ನೀನು ಬೆಳಿಗ್ಗೆ ಫಾರ್ಮಿಗೆ ಸೈನ್ ಹಾಕ್ಲಿಕ್ಕೆ ನನ್ನ ಹತ್ರ ಪೆನ್ ಕೇಳಿದ್ದು. ಅದನ್ನೂ ವಾಪಸ್ ಕೊಡ್ಲಿಲ್ಲ. ಎಂಥ ಸಾವು! ಎಲ್ಲರೂ ಒಂದೇ ವಿಡಿಯೋ ನೋಡಿ ಬರ್ತೀರಿ. ನಿನ್ನ ಮೊದಲು ಬಂದವಳದ್ದೂ ಆತ್ಮ, ಅವಳ ಮೊದಲಿನವನದ್ದೂ ಆತ್ಮ. ಎಕ್ಸಾಮಿನರಿಗೆ ಸ್ಮಶಾನದಲ್ಲಿ ಕೂತ ಹಾಗೆ ಆಗ್ಲಿಕ್ಕಿಲ್ವಾ?’

ಲೋಕೇಶ ಕಿಸೆಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟ.

ಹುಡುಗರು ತಮ್ಮ ತಮ್ಮಲ್ಲೇ ಪ್ರಶ್ನೆ ಕೇಳಿಕೊಂಡರೆ ಬರೀ ನಗೆ. ಟೀಚರ್ ಕೇಳಿದರೆ ಅವರ ಬೆರಳು ನೋಡಿಯೇ ಮಾತು ನಿಲ್ಲುತ್ತಿತ್ತು. ಒಂದು ದಿನ ನಾನು ಖಾಲಿ ಗ್ಲಾಸು ಒಯ್ಯಲು ಹೋದಾಗ ಅವರು ನನ್ನನ್ನು ತುಂಬ ಹೊತ್ತು ನೋಡಿದರು.

‘ಲೀಲಕ್ಕ, ಇಲ್ಲಿ ಕೂತ್ಕೊಳ್ಳಿ. ನಿಮ್ಮ ಮುಖ ನನಗೆ ಬೇಕು.’

ನಾನು ಹೆದರಿದೆ. ಅಪರಿಚಿತರು ಬಂದರೆ ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕುವವಳು ನಾನು. ಓದಿದ್ದು ನೆರಿಯದ ಶಾಲೆಯಲ್ಲಿ ಏಳನೆಯವರೆಗೆ. ಇಂಗ್ಲಿಷ್ ಎಂದರೆ ಎಬಿಸಿಡಿ ಮತ್ತು ಬಸ್ಸಿನ ಬೋರ್ಡು. ‘ನನಗೆ ಬರುದಿಲ್ಲ ಬಾಯಿ’ ಎಂದೆ.

‘ಬರುದಿಲ್ಲ ಅಂತಲೇ ಕರ್ದದ್ದು. ನಿಮ್ಮ ಮುಖದಲ್ಲಿ ಒಂದು ಸುಕ್ಕು ಅಲ್ಲಾಡುದಿಲ್ಲ. ಇಂಥ ಮುಖ ಆ ಪರೀಕ್ಷೆಯವರು ದುಡ್ಡು ಕೊಟ್ಟು ತರ್ತಾರೆ.’

ನಾಚಿಕೆಯಲ್ಲಿ ನನ್ನ ಮುಖ ಬಿಗಿಯುವುದು. ಅದನ್ನು ನೋಡಿದವರು ಸೊಕ್ಕು ಎಂದುಕೊಂಡು ಜನ್ಮವಿಡೀ ನನ್ನಿಂದ ದೂರ ಕೂತಿದ್ದಾರೆ. ನಿಮ್ಮ ಅಜ್ಜ ಕೂಡ ಮದುವೆಯಾದ ಹೊಸತರಲ್ಲಿ, ‘ನಿನಗೆ ನನ್ನ ಮೇಲೆ ಕೋಪ ಉಂಟಾ?’ ಎಂದು ಕೇಳಿದ್ದರು. ಆ ಮುಖಕ್ಕೆ ಮೊದಲ ಸಲ ಒಂದು ಉದ್ಯೋಗ ಸಿಕ್ಕಿತು, ಸುಳ್ಳು ಎಕ್ಸಾಮಿನರ್ ಆಗುವುದು. ಟೀಚರ್ ಐದಾರು ಪ್ರಶ್ನೆ ಕನ್ನಡ ಅಕ್ಷರದಲ್ಲಿ ಬರೆದು ಕೊಟ್ಟರು, ನಾನು ಬಾಯಿಪಾಠ ಮಾಡಿದೆ. ‘ಡೂ ಯು ಟೈಪ್ ಆರ್ ರೈಟ್ ಬೈ ಹ್ಯಾಂಡ್?’ ಎಂದು ಕೇಳುವುದು, ಎದುರಿನವರು ಹೇಳುವಾಗ ತಲೆ ಆಡಿಸುವುದು, ಕೊನೆಗೆ ‘ಥ್ಯಾಂಕ್ ಯು, ದಟ್ ಈಸ್ ದಿ ಎಂಡ್’ ಎನ್ನುವುದು. ನಗಬಾರದು. ದೊಡ್ಡ ಆಸ್ಪತ್ರೆಗಳಲ್ಲಿ ರಕ್ತ ನೋಡಿ ಹೆದರದ ಹುಡುಗಿಯರು ನನ್ನೆದುರು ಬೆವರುತ್ತಿದ್ದರು. ಲೋಕೇಶ ಬಿಸ್ಕತ್ತಿನ ಸ್ನೇಹ ಮರೆತು ನನ್ನನ್ನು ಮೇಡಂ ಎಂದು ಕರೆದ. ನನಗೆ ಒಳಗೊಳಗೇ ಎಷ್ಟು ಖುಷಿಯಾಗುತ್ತಿತ್ತೆಂದು ಹೇಳಬಾರದು. ಸಂಜೆಯಾಗುವಾಗ ಒಳ್ಳೆಯ ಸೀರೆ ಉಡತೊಡಗಿದೆ.

ಇನ್ನು ನಿಮ್ಮ ಅಮ್ಮನ ವಿಷಯ.

ಶರ್ಮಿಳಾ ಆಗ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹುಟ್ಟಿದ ಕೂಡಲೇ ಕಾಯಿಲೆ ಬೀಳುವ ಮಕ್ಕಳ ವಾರ್ಡಿನ ಕೆಲಸ ಎಂದರೆ ಅವಳಿಗೆ ಜೀವ. ಐರ್ಲೆಂಡಿನ ಒಂದು ಆಸ್ಪತ್ರೆಯವರು ಅಂಥದ್ದೇ ವಾರ್ಡಿಗೆ ಅವಳನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು, ಈ ಪರೀಕ್ಷೆ ಪಾಸಾದರೆ. ಅವಳು ಎರಡು ಸಲ ಬರೆದಳು, ಎರಡು ಸಲವೂ ಮಾತಿನಲ್ಲಿ ಬಿದ್ದಳು. ಮಳೆಗಾಲ ಮುಗಿಯುವವರೆಗೆ ಕಾಯುತ್ತೇವೆ, ಆಮೇಲೆ ಆ ಜಾಗ ಬೇರೆಯವರಿಗೆ ಎಂದು ಅವರು ತಿಳಿಸಿದರು. ಉಳಿದದ್ದು ಒಂದು ಅವಕಾಶ. ಹಾಗೆ ಅವಳೂ ನಮ್ಮದೇ ಮಾಳಿಗೆ ಹತ್ತಿ, ನನ್ನದೇ ಎದುರು, ಸೆರಗು ಸರಿಮಾಡಿಕೊಂಡು ಕೂತಳು.

ಅವಳಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಡ್ಯೂಟಿಯಿಂದ ಫೋನಿನಲ್ಲಿ ಮಾತಾಡುವಾಗ ಕೇಳಬೇಕು, ಡಾಕ್ಟರುಗಳನ್ನು ಓಡಿಸುತ್ತಿದ್ದಳು. ಆದರೆ ‘ನಿನಗೆ ಏನು ಇಷ್ಟ’ ಎಂದರೆ ಮುಗಿಯಿತು.

ನಾನು ಕೇಳಿದೆ, ಟೈಪ್ ಮಾಡುತ್ತೀರೋ ಕೈಯಲ್ಲಿ ಬರೆಯುತ್ತೀರೋ ಎಂದು.

‘ಎನಿಥಿಂಗ್ ಈಸ್ ಓಕೆ’ ಎಂದಳು.

ಮುಂದಿನ ಪ್ರಶ್ನೆ ಕೇಳಿದೆ, ಯಾವುದು ಹೆಚ್ಚು ಇಷ್ಟ ಎಂದು.

‘ಬೋತ್ ಆರ್ ಗುಡ್.’ ಆಮೇಲೆ ಕೆಳಗೆ ರಸ್ತೆಯಲ್ಲಿ ಕಂಡಕ್ಟರುಗಳು ಬೆಳ್ತಂಗಡಿ, ಬೆಳ್ತಂಗಡಿ ಎಂದು ಕೂಗುವುದು ಮಾತ್ರ ಕೇಳುತ್ತಿತ್ತು.

ಟೀಚರ್ ಮೇಜಿಗೆ ಕುಟ್ಟಿದರು. ‘ಇದೆಂಥ ಮದುವೆ ಊಟದ ಪಂಕ್ತಿಯಾ, ಅನ್ನ ಬಂದ್ರೂ ಸಾಕು, ಪಾಯಸ ಬಂದ್ರೂ ಸಾಕು ಅನ್ಲಿಕ್ಕೆ? ಏನಾದ್ರೊಂದು ಬಡಿಸಿಕೊ ಮಾರಾಯ್ತಿ!’

ಅವಳ ತಪ್ಪಲ್ಲ ಅದು. ನಾವೆಲ್ಲ ಹಾಗೇ ಬೆಳೆದವರು. ಚಾ ಆಗಬಹುದಾ ಕಾಫಿಯಾ ಎಂದರೆ ‘ಏನಾದ್ರೂ ಆಗ್ತದೆ’. ಹಸಿವೆಯಲ್ಲಿ ಕಣ್ಣು ಕತ್ತಲೆ ಬಂದರೂ ‘ಈಗಷ್ಟೇ ಆಯ್ತು’. ಹುಡುಗ ಒಪ್ಪಿಗೆಯಾ ಎಂದರೆ ‘ನೀವು ಹೇಳಿದ ಹಾಗೆ’. ನನಗೆ ಇದು ಬೇಕು ಎಂದು ಬಾಯಿಬಿಟ್ಟು ಹೇಳಿದ ಹೆಣ್ಣುಮಗಳನ್ನು ನಮ್ಮ ಮನೆಗಳಲ್ಲಿ ಒಂದು ವಾರ ಆಡಿಕೊಳ್ಳುತ್ತಿದ್ದರು. ವಿದೇಶಕ್ಕೆ ಹೋಗುವ ಮಾತನ್ನು ಕೂಡ ಶರ್ಮಿಳಾ ಮನೆಯಲ್ಲಿ ಹೇಳಿದ್ದು ‘ಇವರಿಗೆ ಒಪ್ಪಿಗೆಯಾದ್ರೆ ನೋಡುವ’ ಎಂದು. ಹೋಗುವ ಆಸೆ ನನ್ನ ಮಗನದು ಎಂದೇ ನಾನು ತಿಳಿದಿದ್ದೆ.

ದಿನಗಳು ಹೋದವು, ಅವಳ ಎನಿಥಿಂಗ್ ಈಸ್ ಓಕೆ ಹೋಗಲಿಲ್ಲ. ಟೀಚರ ಬೆರಳೂ ಅವಳಿಗಾಗಿ ಒಮ್ಮೆಯೂ ಎದ್ದಿರಲಿಲ್ಲ. ಒಂದು ಸಂಜೆ ಅವಳು ಡ್ಯೂಟಿಯಿಂದ ನೇರ ಕ್ಲಾಸಿಗೆ ಬಂದಳು. ಮುಖ ಕೆಂಪು. ಬ್ಯಾಗನ್ನು ಕುರ್ಚಿಗೆ ಎಸೆದು ಅರ್ಧ ತುಳು ಅರ್ಧ ಇಂಗ್ಲಿಷಿನಲ್ಲಿ ಶುರುಮಾಡಿದಳು. ವಾರ್ಡಿನ ಡಾಕ್ಟರೊಬ್ಬರ ಅಕ್ಷರವಂತೆ. ಎರೆಹುಳು ಸತ್ತು ಬಿದ್ದ ಹಾಗೆ ಬರೆಯುತ್ತಾರಂತೆ. ಮಗುವಿಗೆ ಔಷಧ ಎಷ್ಟು ಎಂದು ತಿಳಿಯಲು ಅವಳು ಅವರನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಓಡಿದರೆ, ನೀರುದೋಸೆ ತಿನ್ನುತ್ತಿದ್ದ ಅವರಿಗೇ ತನ್ನ ಅಕ್ಷರ ಓದಲಾಗಲಿಲ್ಲವಂತೆ. ಟೈಪ್ ಮಾಡಿ ಎಂದರೆ ಟೈಮಿಲ್ಲ ಎಂದರಂತೆ. ‘ದೋಸೆ ತಿನ್ಲಿಕ್ಕೆ ಟೈಮುಂಟು!’

ನನಗೆ ಗಮನ ಇದ್ದದ್ದು ಟೀಚರ ತೊಡೆಯ ಮೇಲೆ. ಹತ್ತು ಬೆರಳೂ ಎದ್ದಿದ್ದವು. ಟಿಣ್, ಟಿಣ್, ಟಿಣ್.

‘ಸಾಯ್ಬಾ!’ ಎಂದು ದೇವರನ್ನು ಕರೆದರು ಟೀಚರ್. ‘ಇಷ್ಟು ದಿನ ಇದನ್ನು ಎಲ್ಲಿ ಅಡಗಿಸಿ ಇಟ್ಟಿದ್ದೆ? ಆ ಡಾಕ್ಟರಿಗೆ ನನ್ನದೊಂದು ನಮಸ್ಕಾರ ಹೇಳು. ಎಲ್ಲರೂ ಕೇಳಿ, ಇವತ್ತಿನಿಂದ ಇಷ್ಟದ ವಿಷಯ ಬಂದ್. ಈ ಊರಲ್ಲಿ ಯಾರಿಗೂ ತನಗೆ ಏನು ಇಷ್ಟ ಅಂತ ಗೊತ್ತಿಲ್ಲ. ಗೊತ್ತಿದ್ರೂ ಹೇಳುದಿಲ್ಲ. ಆದರೆ ಯಾರ ಮೇಲೆ ಕಿರಿಕಿರಿ ಅಂತ ಕೇಳಿ, ತೊಟ್ಟಿಲ ಮಗುವೂ ಹೇಳ್ತದೆ. ಎಕ್ಸಾಮಿನರಿಗೆ ದೂರು ಹೇಳಿ. ಅವ ಪ್ರಶ್ನೆ ಕೇಳಿದ್ದು ನಿಮ್ಮ ಕೈ ಬಗ್ಗೆ ಆದ್ರೆ, ನೀವು ಹೇಳುದು ಬೇರೆಯವರ ಕೈ ಬಗ್ಗೆ. ದೂರುವಾಗ ಯಾರೂ ತಡವರಿಸುದಿಲ್ಲ.’

ಆವತ್ತಿನಿಂದ ಆ ಕ್ಲಾಸಿನ ಸದ್ದು ಕೆಳಗಿನ ಬಸ್ಸಿನ ಹಾರ್ನನ್ನೂ ಮುಚ್ಚಿತು. ಒಂದು ಬೆರಳಲ್ಲಿ ಅಕ್ಷರದ ಕೀಲಿ ಹುಡುಕುತ್ತಾ ಕ್ಯೂ ಬೆಳೆಸುವ ಆಫೀಸಿನ ಗುಮಾಸ್ತ, ಬರೆಯಲು ಸೋಮಾರಿತನವಾಗಿ ಪುರಾಣದಷ್ಟು ಉದ್ದದ ವಾಯ್ಸ್ ಮೆಸೇಜ್ ಕಳಿಸುವ ಅಣ್ಣ, ಎಲ್ಲರೂ ಇಂಗ್ಲಿಷಿನಲ್ಲಿ ಬೈಸಿಕೊಂಡರು. ಲೋಕೇಶನಿಗಂತೂ ದೂರುಗಳ ಗಣಿಯೇ ಸಿಕ್ಕಿತು. ಅವನು ಸುಳ್ಳು ಡೈರಿ ಬಿಟ್ಟು, ಶಾಲೆಯಲ್ಲಿ ಕಾಪಿ ಬರೆಸಿದ ಮೇಷ್ಟ್ರಿಂದ ಹಿಡಿದು ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿದ.

ಶರ್ಮಿಳಾ ಮೊದಲು ಡಾಕ್ಟರನ್ನು ಹಿಡಿದಳು. ಆ ಡಾಕ್ಟರು ಎಷ್ಟು ದಿನ ಬಾಳಿಕೆ ಬಂದಾರು? ಕ್ರಮೇಣ ಅವಳ ಮಾತಿನಲ್ಲಿ ‘ಮದರ್-ಇನ್-ಲಾ’ ಎಂಬ ಶಬ್ದ ಬರತೊಡಗಿತು. ಅಷ್ಟು ಇಂಗ್ಲಿಷ್ ನನಗೂ ಗೊತ್ತು. ಅವಳು ನನ್ನ ಮುಖ ನೋಡದೆ, ನನ್ನ ಹಿಂದಿನ ಗೋಡೆ ನೋಡಿ ಸರಾಗವಾಗಿ ಹೇಳುತ್ತಾ ಹೋಗುತ್ತಿದ್ದಳು. ಉಳಿದವರು ಕರ್ಚೀಫು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಟೀಚರ ಮುಖ ನೋಡಿದೆ.

‘ನಿಮ್ಮನ್ನು ಹೊಗಳ್ತಾ ಇದ್ದಾಳೆ ಲೀಲಕ್ಕ. ತಲೆ ಆಡಿಸಿ’ ಎಂದರು ಅವರು. ಬೆರಳುಗಳು ಓಡುತ್ತಲೇ ಇದ್ದವು.

ನಾನು ಆಡಿಸಿದೆ. ಸೊಸೆ ಪರದೇಶದವರ ಎದುರೂ ಅತ್ತೆಯನ್ನು ಹೊಗಳುತ್ತಾಳೆ ಎಂದರೆ ಸಾಮಾನ್ಯವೇ? ಆವತ್ತು ಅವಳಿಗೆ ಇಷ್ಟ ಎಂದು ಕೆಸುವಿನೆಲೆ ಸುತ್ತಿ ಪತ್ರೊಡೆ ಮಾಡಿದೆ.

ಅನ್ವಿತಾ, ಇದು ನಿನಗೆ ನೆನಪಿರಲಿಕ್ಕಿಲ್ಲ. ನೀನು ಆಗ ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಒಂದು ಸಂಜೆ ಹಟ ಮಾಡಿ ನನ್ನ ಮಡಿಲಲ್ಲಿ ಕೂತು ಪರೀಕ್ಷೆ ಪೂರ್ತಿ ಕೇಳಿಸಿಕೊಂಡೆ. ಮರುದಿನ ತಲೆ ಬಾಚುವಾಗ ನೀನೇ ಕೇಳಿದ್ದು:

‘ಅಜ್ಜಿ, ನೀನು ಬರೆದ ಚೀಟಿ ಕೋಳಿ ಕೆದಕಿದ ಹಾಗೆ ಇರ್ತದಾ?’

‘ಯಾರು ಹೇಳಿದ್ದು?’

‘ಅಮ್ಮ. ನಿನ್ನೆ ನಿನ್ನ ಹತ್ರವೇ ಹೇಳಿದ್ಲಲ್ಲ. ನೀನು ಹೌದು ಹೌದು ಅಂತ ತಲೆ ಆಡಿಸಿದ್ದಿ.’

ಬಾಚಣಿಗೆ ನಿನ್ನ ಕೂದಲಲ್ಲೇ ಉಳಿಯಿತು. ಸ್ವಲ್ಪ ಸ್ವಲ್ಪವಾಗಿ ನಿನ್ನಿಂದ ಎಲ್ಲ ಹೊರಗೆ ಬಂತು. ಫೋನಿನಲ್ಲಿ ಮೆಸೇಜ್ ಕಳಿಸಿದರೆ ಅಂಗಡಿಯವನು ಸಾಮಾನು ಕಟ್ಟಿಡುತ್ತಾನೆ. ಆದರೂ ಅತ್ತೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಒಂದು ಇರುವೆಗೂ ಜಾಗ ಬಿಡದೆ ಚೀಟಿ ಬರೆದು ಸೊಸೆಯ ಕೈಗೆ ಕೊಡುತ್ತಾರೆ. ಅದರಲ್ಲಿ ಸಾಮಾನು ಕಡಿಮೆ, ಮಾತು ಹೆಚ್ಚು. ‘ತೆಂಗಿನಕಾಯಿ ಎರಡು. ಕಳೆದ ಸಲದಂತೆ ಲಿಂಬೆಹುಳಿಯಷ್ಟು ಸಣ್ಣದು ಬೇಡ.’ ಅಂಗಡಿಯವನು ಅದನ್ನು ಗಟ್ಟಿಯಾಗಿ ಓದುತ್ತಾನೆ, ನಿಂತವರೆಲ್ಲ ನಗುತ್ತಾರೆ. ಟೈಪ್ ಮಾಡಿ ಎಂದು ಫೋನ್ ಕೊಟ್ಟರೆ ಚಪಾತಿ ಹಿಟ್ಟು ನಾದುವ ಹಾಗೆ ಒತ್ತುತ್ತಾರೆ. ಒಂದು ಶಬ್ದ ಮೂಡುವಾಗ ಅಂಗಡಿ ಬಾಗಿಲು ಹಾಕಿರುತ್ತದೆ. ನೀನು ಅನುವಾದ ಮಾಡಿ ಮುಗಿಸಿ, ‘ಅಮ್ಮ ಚೆನ್ನಾಗಿ ಹೇಳ್ತಾಳೆ ಅಲ್ವಾ ಅಜ್ಜಿ?’ ಎಂದೆ.

ನನಗೆ ಸಿಟ್ಟು ಬಂತು. ಪತ್ರೊಡೆಯ ನೆನಪಾಗಿ ಇನ್ನೂ ಹೆಚ್ಚು ಬಂತು. ಪರೀಕ್ಷೆಗೆ ಉಳಿದದ್ದು ಕೆಲವೇ ದಿನ. ನಾನು ಮೇಲೆ ಹೋಗದಿದ್ದರೆ ಶರ್ಮಿಳಾಳಿಗೆ ಸಂಶಯ ಬರುತ್ತದೆ. ನನಗೆ ಗೊತ್ತಾಗಿದೆ ಎಂದು ತಿಳಿದರೆ ಅವಳ ನಾಲಿಗೆ ಮತ್ತೆ ಎನಿಥಿಂಗ್ ಈಸ್ ಓಕೆಗೆ ಹೋಗಿ ಕೂರುತ್ತದೆ. ಯೋಚಿಸಿ ಯೋಚಿಸಿ, ನಿನ್ನ ಕೈಗೆ ಚಾಕೊಲೇಟು ಕೊಟ್ಟು ಬಾಯಿಗೆ ಬೀಗ ಹಾಕಿಸಿ, ಸಂಜೆ ಒಳ್ಳೆಯ ಸೀರೆ ಉಟ್ಟು ಮಾಳಿಗೆ ಹತ್ತಿದೆ. ಪ್ರಶ್ನೆ ಕೇಳಿದೆ. ಅವಳು ನನ್ನನ್ನು ಇಂಗ್ಲಿಷಿನಲ್ಲಿ ಅರೆದಳು. ನಾನು ತಲೆ ಆಡಿಸಿದೆ. ಥ್ಯಾಂಕ್ ಯು, ದಟ್ ಈಸ್ ದಿ ಎಂಡ್ ಎಂದೆ.

ಎಲ್ಲರೂ ಇಳಿದುಹೋದ ಮೇಲೆ ಟೀಚರ್ ನನ್ನನ್ನು ತಡೆದರು.

‘ಯಾರು ಹೇಳಿದ್ದು ನಿಮಗೆ?’

‘ಎಂಥದ್ದು?’

‘ನಿನ್ನೆವರೆಗೆ ನೀವು ತಪ್ಪು ಜಾಗದಲ್ಲಿ ತಲೆ ಆಡಿಸ್ತಾ ಇದ್ರಿ. ಇವತ್ತು ತೆಂಗಿನಕಾಯಿ ಬರುವಾಗ ಸರಿಯಾಗಿ ನಿಲ್ಲಿಸಿದ್ರಿ.’

ನಾನು ಖಾಲಿ ಗ್ಲಾಸು ಹೆಕ್ಕತೊಡಗಿದೆ.

‘ಸಿಟ್ಟು ಬಂತಾ?’

‘ಏನಿಲ್ಲ ಬಾಯಿ.’

‘ನೋಡಿ ಇವರನ್ನು! ಅತ್ತೆಯದ್ದೂ ಅದೇ, ಸೊಸೆಯದ್ದೂ ಅದೇ. ಇಡೀ ಮನೆಯೇ ಎನಿಥಿಂಗ್ ಈಸ್ ಓಕೆ. ಬಾಯಿ ಬಿಡಿ ಮಾರಾಯ್ರೇ, ನಾನು ಯಾರಿಗೂ ಹೇಳುದಿಲ್ಲ.’

ಗ್ಲಾಸು ಮೇಜಿನ ಮೇಲಿಟ್ಟೆ. ಆಮೇಲೆ ಹೇಳಿದೆ: ‘ತೆಂಗಿನಕಾಯಿ ನಿಜವಾಗ್ಲೂ ಸಣ್ಣದೇ ಇತ್ತು. ಒಡೆದ್ರೆ ಒಳಗೆ ಒಂದು ಚಟ್ನಿಗೂ ಆಗ್ಲಿಲ್ಲ. ಆ ಅಂಗಡಿಯವ ಇವಳು ನರ್ಸು, ಕಾಯಿ ನೋಡ್ಲಿಕ್ಕೆ ಗೊತ್ತಿಲ್ಲ ಅಂತ ಕಸವನ್ನೆಲ್ಲ ಇವಳಿಗೇ ಹಾಕುದು. ನಾನು ಚೀಟಿಯಲ್ಲಿ ಬರೆಯುದು ಅವನಿಗೆ ನಾಚಿಕೆಯಾಗ್ಲಿ ಅಂತ, ಇವಳಿಗಲ್ಲ.’

ಮಕ್ಕಳೇ, ನಾನು ಅವರ ತೊಡೆ ನೋಡಿದೆ. ಬೆರಳುಗಳು ನಡೆಯುತ್ತಿದ್ದವು. ನನ್ನ ಮಾತಿಗೆ ಅವು ಎದ್ದದ್ದು ಅದೇ ಮೊದಲು. ‘ಟಿಣ್’ ಎಂದರು ಟೀಚರ್.

ಪರೀಕ್ಷೆ ಮುಗಿಸಿ ಶರ್ಮಿಳಾ ಸಂಜೆ ಬಂದಳು. ಅಂಗಳದಿಂದಲೇ, ‘ಮಾಮಿ! ಮಾಮಿ!’ ಎಂದು ಕೂಗು. ಅತ್ತೆಯನ್ನು ನಾವು ತುಳುವಿನಲ್ಲಿ ಮಾಮಿ ಎನ್ನುವುದು. ಟೀಚರೂ ಮಾಳಿಗೆಯಿಂದ ಇಳಿದು ಬಂದರು.

‘ಮಾಮಿ, ಅಲ್ಲಿ ಕೂತಿದ್ದ ಹೆಂಗಸು ಪೂರಾ ನಿಮ್ಮದೇ ಮುಖ! ಬಿಳಿ ಕೂದಲು, ಅದೇ ಗಂಟುಮೋರೆ, ಒಂದು ಚೂರು ನಗೆ ಇಲ್ಲ. ನನಗೆ ಮನೆಯಲ್ಲೇ ಕೂತ ಹಾಗೆ ಆಯ್ತು. ಕೈಯಲ್ಲಿ ಬರೀತೀಯಾ ಅಂತ ಕೇಳಿದ್ರು. ಅದೇ ಪ್ರಶ್ನೆ! ನಾನು ಶುರುಮಾಡಿದ್ದೇ ಶುರುಮಾಡಿದ್ದು, ಅವರೇ ನಿಲ್ಲಿಸಬೇಕಾಯ್ತು.’

‘ಲಿಂಬೆಹುಳಿಯಷ್ಟು ಸಣ್ಣ ತೆಂಗಿನಕಾಯಿ ವಿಷಯವೂ ಹೇಳಿದೆಯಾ?’ ಎಂದೆ ನಾನು.

ಅವಳು ನಿಂತಲ್ಲೇ ನಿಂತಳು. ಕೈಯಲ್ಲಿದ್ದ ಛತ್ರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟೀಚರ್ ಗೋಡೆಗೆ ಒರಗಿ, ಕ್ಯಾನ್ವಾಸ್ ಶೂ ನೆಲಕ್ಕೆ ಬಡಿಯುತ್ತಾ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

‘ಮಾಮಿ, ಅದು... ಟೀಚರೇ ಹೇಳಿದ್ದು...’

‘ಇರಲಿ. ಹೋಗ್ಲಿಕ್ಕೆ ನಿನಗೆ ಮನಸ್ಸುಂಟಾ, ಪ್ರಸಾದನಿಗಾ?’ ನನಗೆ ಕೇಳಬೇಕು ಎಂದಿದ್ದದ್ದು ಅದನ್ನೇ.

ಅವಳು ಟೀಚರನ್ನು ನೋಡಿದಳು. ಟೀಚರ್ ನಗು ನಿಲ್ಲಿಸಿ ಎರಡು ಕೈಯನ್ನೂ ಸೀರೆಯ ಮೇಲೆ ಇಟ್ಟು ಕಾದರು.

‘ನನಗೆ, ಮಾಮಿ’ ಎಂದಳು ಶರ್ಮಿಳಾ. ‘ನನಗೇ ಹೋಗ್ಬೇಕು. ಆ ವಾರ್ಡಿನಲ್ಲಿ ಕೆಲಸ ಮಾಡ್ಬೇಕು. ಮೊದಲಿಂದಲೂ ನನಗೇ.’

ಪಾಸಾದಳು, ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಅವಳು ಹೋದಳು. ನೀವಿಬ್ಬರೂ ಅಪ್ಪನ ಜೊತೆ, ನನ್ನ ಜೊತೆ ಇಲ್ಲಿ ಬೆಳೆದಿರಿ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಅವಳು ಮೊದಲು ಮಾಡುವ ಕೆಲಸ ನನ್ನ ಚೀಟಿ ಹಿಡಿದು ಅಂಗಡಿಗೆ ಹೋಗಿ ಕಾಯಿ ಬಡಿದು ನೋಡಿ ಆರಿಸುವುದು. ಅವಳಿಗೆ ಈಗ ಅದೂ ಬರುತ್ತದೆ. ಚೀಟಿಯ ಬಗ್ಗೆ ದೂರು ಮಾತ್ರ ನಿಂತಿಲ್ಲ.

ಮಾಳಿಗೆಯ ಕ್ಲಾಸು ನಡೆಯುತ್ತಲೇ ಇತ್ತು. ಎಷ್ಟು ಮುಖಗಳು ನನ್ನೆದುರು ಬೆವರಿ ಹೋದವೋ ಲೆಕ್ಕ ಇಟ್ಟಿಲ್ಲ. ಕೇಳಿ ಕೇಳಿ ನನಗೂ ಅಷ್ಟಿಷ್ಟು ಇಂಗ್ಲಿಷ್ ತಿಳಿಯತೊಡಗಿತು, ಹೆಚ್ಚಿನದು ಬೈಗುಳದ ಇಂಗ್ಲಿಷ್. ಆಮೇಲೆ ಒಂದು ದಿನ ಟೀಚರ್ ಬರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಟವರು ತೋಡಾರಿನ ಮನೆಯ ಅಂಗಳದಲ್ಲೇ ಬಿದ್ದರಂತೆ. ಬಲಗೈ, ಬಲಗಾಲು, ಮುಖದ ಒಂದು ಪಕ್ಕ ನಿಂತುಹೋಯಿತು.

ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ನಾನು ತೋಡಾರಿಗೆ ಹೋದೆ. ಅವರ ತಮ್ಮನ ಮಗಳು ನೋಡಿಕೊಳ್ಳುತ್ತಿದ್ದಳು. ಕಿಟಕಿಯ ಹತ್ತಿರದ ಮಂಚದಲ್ಲಿ ಸಣ್ಣದಾಗಿ ಮಲಗಿದ್ದರು. ಮಾತು ಒಂದೊಂದಾಗಿ, ದಪ್ಪಗೆ ಬರುತ್ತಿತ್ತು.

‘ನೋಡಿ ಲೀಲಕ್ಕ’ ಎಂದರು. ‘ನಗ್ಲಿಕ್ಕಾಗುದಿಲ್ಲ. ಈಗ ನನ್ನ ಮುಖವೂ ನಿಮ್ಮ ಹಾಗೆ ಆಯ್ತು. ಎಕ್ಸಾಮಿನರ್ ಮುಖ.’

ಬೇಗ ಗುಣ ಆಗ್ತದೆ ಎಂದೆ. ದೇವರಿದ್ದಾನೆ ಎಂದೆ. ಹೊದಿಕೆಯ ಮೇಲಿದ್ದ ಎಡಗೈ ಅಲ್ಲಾಡಲಿಲ್ಲ. ಇಂಥ ಮಾತಿಗೆ ಅದು ಯಾವತ್ತೂ ಅಲ್ಲಾಡಿದ್ದಿಲ್ಲ.

ಟೀಚರ್ ಕಣ್ಣು ನನ್ನ ಮೇಲೆ ನೆಟ್ಟು, ತುಂಬ ಕಷ್ಟದಲ್ಲಿ ಕೇಳಿದರು. ‘ಡೂ ಯು... ಟೈಪ್... ಆರ್ ರೈಟ್... ಬೈ ಹ್ಯಾಂಡ್?’

ಅಷ್ಟು ವರ್ಷ ನಾನು ಕೇಳಿದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸೆರಗು ಸರಿಮಾಡಿಕೊಂಡೆ. ಬಾಗಿಲಲ್ಲಿ ತಮ್ಮನ ಮಗಳು ನಿಂತಿದ್ದಳು, ಆದರೂ ಹೇಳಿದೆ.

‘ಐ ರೈಟ್ ಬೈ ಹ್ಯಾಂಡ್’ ಎಂದೆ. ‘ಮೈ ಟೀಚರ್ ಟೈಪ್ಸ್ ಆನ್ ಹರ್ ಲೆಗ್. ವೆರಿ ಬ್ಯಾಡ್ ಹ್ಯಾಬಿಟ್. ಎವ್ರಿಬಡಿ ಲುಕಿಂಗ್ ಹರ್ ಲೆಗ್. ಶಿ ಟೋಲ್ಡ್ ಮಿ, ಡಾಟರ್-ಇನ್-ಲಾ ಈಸ್ ಪ್ರೈಸಿಂಗ್ ಯು. ಬಿಗ್ ಲಯರ್. ಐ ಮೇಡ್ ಪತ್ರೊಡೆ. ಐ ಆಮ್ ಸ್ಟಿಲ್ ಆಂಗ್ರಿ.’

ಹೊದಿಕೆಯ ಮೇಲೆ ಎಡಗೈಯ ಬೆರಳುಗಳು ಎದ್ದವು. ಅವುಗಳ ಪಾಲಿನ ಅಕ್ಷರಗಳನ್ನು ಮಾತ್ರ ಹೊಡೆಯುತ್ತಾ, ಬಲಗೈಯ ಅಕ್ಷರ ಬಂದಲ್ಲಿ ನಿಂತು ಕಾಯುತ್ತಾ, ಮತ್ತೆ ಹೊಡೆಯುತ್ತಾ ನಡೆದವು. ನಾನು ಮುಗಿಸಿದ ಎಷ್ಟೋ ಹೊತ್ತಿನ ಮೇಲೆ ಅವು ಮುಗಿಸಿದವು. ಆಮೇಲೆ ಆ ಕೈ ನಿಧಾನವಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಬಲಕ್ಕೆ ದೂಡಿತು. ತುಟಿ ಕೂಡಿ ಬರಲಿಲ್ಲ.

‘ಟಿಣ್’ ಎಂದು ನಾನೇ ಹೇಳಿದೆ.

ಹೊರಡುವಾಗ, ಇದನ್ನೆಲ್ಲ ಮೊಮ್ಮಕ್ಕಳಿಗೆ ಬರೆದಿಡುತ್ತೇನೆ ಎಂದೆ. ‘ಕೈಯಲ್ಲೇ ಬರೀರಿ’ ಎಂದರು. ‘ಓದ್ಲಿಕ್ಕಾಗದೆ ಸಾಯಲಿ.’ ಹಾಗಾಗಿ ಕೈಯಲ್ಲೇ ಬರೆದಿದ್ದೇನೆ, ಕ್ಯಾಲೆಂಡರಿನ ಹಿಂಬದಿಯಲ್ಲಿ. ಬೇಕಾದರೆ ಅನ್ವಿತಾ ಟೈಪ್ ಮಾಡಲಿ.

ಅವರು ಮಳೆ ಶುರುವಾಗುವ ಮೊದಲೇ ಹೋದರು. ಇಗರ್ಜಿ ತುಂಬ ಹಳೆಯ ಶಿಷ್ಯರು ಬಂದಿದ್ದರು. ಪಾದ್ರಿಗಳು ತುಂಬ ಹೊತ್ತು ಮಾತಾಡಿದರು. ಸ್ವರ್ಗೀಯ ಜುಲ್ಯಾನ ಅವರು ಮಿತಭಾಷಿ, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಸಾಲಿನಲ್ಲಿದ್ದ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಎರಡು ಕೈಯೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಪಕ್ಕದಲ್ಲಿ ಲೋಕೇಶ ಕೂತಿದ್ದ, ಈಗ ದೊಡ್ಡ ಆಸ್ಪತ್ರೆಯ ಹಿರಿಯ ನರ್ಸು. ಅವನು ನನ್ನ ಕಿವಿಯ ಹತ್ತಿರ ಬಗ್ಗಿದ.

‘ಮೇಡಂ, ಇದು ಯಾವ ಟೀಚರ ಬಗ್ಗೆ ಹೇಳ್ತಾ ಇರುದು? ನಮ್ಮ ಟೀಚರ್ ಎದ್ದು ಬಂದ್ರೆ ಇವರಿಗೂ ಪೆನ್ ವಾಪಸ್ ಕೊಡು ಅಂತಾರೆ.’

ಯಾವ ಬೆರಳಿಗೆ ಯಾವ ಅಕ್ಷರ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನೋಡಿದರೆ, ಸೀರೆಯ ನೆರಿಗೆಯ ಮೇಲೆ ನನ್ನ ಹತ್ತೂ ಬೆರಳುಗಳು ಅಲ್ಲಾಡುತ್ತಿದ್ದವು.